ಹ್ಯಾಂಡ್‌ಬಿಲ್ಲಿನ ಕನಕಮ್ಮ

ಕೊಟ್ಟೂರು ಕ್ಯಾಂಪ್
18 ನವೆಂಬರ್ 1996

ದುರ್ಗಿ,

ಕಾಗದ ಬರೆಯುವವರು ಮೊದಲು ಕ್ಷೇಮ ಕೇಳಬೇಕು. ಇವತ್ತು ನನಗೆ ನಿನ್ನ ಕ್ಷೇಮ ಬೇಕಾಗಿಲ್ಲ, ಅದಕ್ಕೆ ಕೇಳುತ್ತಿಲ್ಲ. ನೀನು ಪಾಲಾಕ್ಷಪ್ಪನನ್ನು ಮದುವೆಯಾಗಿ, ನಮ್ಮ ಕಂಪನಿಯ ಅರ್ಧ ಜನರನ್ನು ಕಟ್ಟಿಕೊಂಡು ಹೋಗಿ ಬೇರೆ ಕಂಪನಿ ಮಾಡಿದ ಮೇಲೆ ನಿನಗೆ ಒಂದು ಗೆರೆ ಬರೆದವಳಲ್ಲ ನಾನು. ಈಗ ಬರೆಯುವ ಹಾಗೆ ಮಾಡಿದ್ದೀಯಲ್ಲ, ಅದಕ್ಕೂ ಸೇರಿಸಿ ಸಿಟ್ಟು ಬರುತ್ತಿದೆ.

ನಿನ್ನೆ ಸಂಜೆ ಆಟಕ್ಕೆ ಮುಂಚೆ ಶೈಲಾ ಬಸ್‌ಸ್ಟ್ಯಾಂಡಿನ ಕಡೆಯಿಂದ ಮಂಡಕ್ಕಿ ಮಿರ್ಚಿ ತಂದಳು. ಶೈಲಾ ಅಂದರೆ ನನ್ನ ಮಗಳು. ನೀನು ಹೋಗುವಾಗ ನಿನ್ನ ಸೆರಗು ಹಿಡಿದು ಅತ್ತವಳು. ಈಗ ನಮ್ಮ ಗೇಟಿನಲ್ಲಿ ಟಿಕೆಟ್ ಹರಿಯುತ್ತಾಳೆ. ಮಿರ್ಚಿ ಕಟ್ಟಿದ್ದ ಹಳದಿ ಕಾಗದ ಬಿಚ್ಚಿದೆ. ಅದರಲ್ಲಿ ನಾನಿದ್ದೆ.

ಮೈ ಕಪ್ಪೆಯದು, ಮುಖ ನನ್ನದು. ನನ್ನ ಮೂಗುತಿ, ನನ್ನ ಕಾಸಗಲ ಕುಂಕುಮ, ಹಾಡುವಾಗ ಮೇಲೇರುವ ನನ್ನ ಎಡಹುಬ್ಬು. ಗಂಟಲು ಮಾತ್ರ ಕುಂಬಳಕಾಯಿಯಷ್ಟು ಉಬ್ಬಿ, ಕೊರಳ ಗುಂಡಿನ ಸರ ಹರಿದು, ಗುಂಡುಗಳು ಸುತ್ತಲೂ ಹಾರುತ್ತಿವೆ. ತೊಡೆಯ ಮೇಲೆ ಹಾರ್ಮೋನಿಯಂ. ಕೆಳಗೆ ದಪ್ಪ ಅಕ್ಷರದಲ್ಲಿ, 'ಕೊಟ್ಟೂರು ಕೆರೆಗೆ ಹೊಸ ಗಾಯಕಿ. ಮಳೆಗಾಲದ ತನಕ ಮಾತ್ರ.' ಅದರ ಕೆಳಗೆ ನಿಮ್ಮ ನವರಂಜನಿ ನಾಟ್ಯ ಸಂಘದ ಹೆಸರು, ಹಗರಿಬೊಮ್ಮನಹಳ್ಳಿ ಕ್ಯಾಂಪು, ಆಟದ ವೇಳೆ. ಎಣ್ಣೆ ಹೀರಿದ ಕಾಗದ, ದೀಪಕ್ಕೆ ಹಿಡಿದರೆ ನನ್ನ ಮುಖ ಹೊಳೆಯುತ್ತಿತ್ತು.

ಶೈಲಾ ನೋಡಿ, "ಅವ್ವಾ, ಇದು ನೀನ ಏನು?" ಎಂದು ಕೇಳಿದಳು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಬಣ್ಣ ಹಚ್ಚಿಕೊಳ್ಳಲು ಕೂತರೆ ಕನ್ನಡಿಯಲ್ಲಿ ಕಪ್ಪೆಯೇ ಕಾಣುತ್ತಿತ್ತು. ಊರಲ್ಲಿ ವಿಚಾರಿಸಿದರೆ ಎಲ್ಲ ಅಂಗಡಿಯಲ್ಲೂ ಅದೇ ಕಾಗದ. ಸಂತೆಯ ದಿನ ಕಟ್ಟುಗಟ್ಟಲೆ ತಂದು ಹಂಚಿ ಹೋಗಿದ್ದಾರೆ.

ಈ ಹುಬ್ಬು ಏರುವುದು ಹತ್ತಿರದಿಂದ ನೋಡಿದವರಿಗಷ್ಟೇ ಗೊತ್ತು. ಯಾರು ಬರೆದದ್ದು? ನೀನು ಹೇಳಿ ಬರೆಸಿದೆಯಾ? ಇಷ್ಟಕ್ಕೆ ಉತ್ತರ ಕೊಡು, ಬೇರೇನೂ ಬರೆಯಬೇಡ.

ಕನಕಮ್ಮ
ಸುಗುಣಾ ನಾಟ್ಯ ಸಂಘ

•

ಹಗರಿಬೊಮ್ಮನಹಳ್ಳಿ ಕ್ಯಾಂಪ್
29 ನವೆಂಬರ್ 1996

ಶ್ರೀಮತಿ ಕನಕಮ್ಮನವರಿಗೆ,

ನಿಮ್ಮ ಕಾಗದ ಮುಟ್ಟಿತು. ನೀವು ಕೇಳದಿದ್ದರೂ ಹೇಳುತ್ತೇನೆ, ನಾವೆಲ್ಲ ಚೆನ್ನಾಗಿದ್ದೇವೆ.

ಬರೆಸಿದವರು ನಮ್ಮ ಮನೆಯವರು. ಬರೆದವನು ಗಂಗಾಧರ. ಹೌದು, ಅದೇ ಕೂಡ್ಲಿಗಿಯ ಗಂಗಾಧರ, ನಿಮ್ಮ ಕಂಪನಿಗೆ ಅರಮನೆಯ ಪರದೆ, ಕಾಡಿನ ಪರದೆ ಬರೆದುಕೊಟ್ಟವನು. ಈಗ ನಮ್ಮಲ್ಲಿದ್ದಾನೆ. ಚಿತ್ರವನ್ನು ದಾವಣಗೆರೆಗೆ ಕಳಿಸಿ ಬ್ಲಾಕ್ ಮಾಡಿಸಿ, ಇಲ್ಲಿಯ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದರು. ಹಂಚುವ ಮುಂಚೆ ನನಗೂ ತೋರಿಸಿದರು. ನೋಡಿ ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹೋದ ವರ್ಷ ಹರಪನಹಳ್ಳಿಯಲ್ಲಿ ನಿಮ್ಮ ಹಾಸ್ಯಪಾತ್ರದ ಚೌಡಣ್ಣ ಏನು ಮಾಡಿದ ಎಂಬುದು ನಿಮಗೆ ಮರೆತಿರಬಹುದು. ಸೀರೆ ಉಟ್ಟು, ಹಿಂದೆ ಎರಡು ದಿಂಬು ಕಟ್ಟಿಕೊಂಡು, ನನ್ನ ಹಾಗೆ ನಡೆದು, "ನಾ ದುರ್ಗಾದೇವಿ ಅದೀನ್ರಿ, ದಾರಿ ಬಿಡ್ರಿ, ಈ ಬಾಗ್ಲ ನನಗ ಸಾಲಂಗಿಲ್ಲ" ಎಂದನಂತೆ. ಜನ ಬಿದ್ದು ಬಿದ್ದು ನಕ್ಕರಂತೆ. ನೀವು ಸೈಡ್‌ವಿಂಗಿನಲ್ಲಿ ನಿಂತು ನಗುತ್ತಿದ್ದಿರಂತೆ. ನಮ್ಮ ಹಾರ್ಮೋನಿಯಂ ಮಾಸ್ತರು ಅವತ್ತು ಜನರ ನಡುವೆ ಕೂತಿದ್ದರು, ಅವರೇ ಹೇಳಿದ್ದು. ನಾನು ಯಾರಿಗೂ ಕಾಗದ ಬರೆಯಲಿಲ್ಲ. ಊಟ ಬಿಟ್ಟೆ, ಅಷ್ಟೆ.

ಕಂಪನಿ ನಡೆಸುವವರ ನಡುವೆ ಇದೆಲ್ಲ ಇದ್ದದ್ದೇ. ಮನೆ ಮನೆಗೆ ಟಿವಿ ಬಂದ ಮೇಲೆ ಜನ ಥೇಟರಿನ ಕಡೆ ತಲೆ ಹಾಕಬೇಕಾದರೆ ಜಗಳವಾದರೂ ತೋರಿಸಬೇಕು ಎಂದು ನಮ್ಮ ಮನೆಯವರು ಹೇಳುತ್ತಾರೆ. ಕೊಟ್ಟೂರಿನ ಜಾಗ ಮೊದಲು ಕೇಳಿದವರು ನಾವು, ಅದು ನಿಮಗೆ ಹೇಗೆ ಸಿಕ್ಕಿತು ಎಂಬುದು ಬೇರೆ ಮಾತು.

ಚೌಡಣ್ಣನ ದಿಂಬು ಬಿಚ್ಚಿಸಿರಿ. ನಮ್ಮ ಬ್ಲಾಕ್ ಪೆಟ್ಟಿಗೆಗೆ ಹೋಗುತ್ತದೆ.

ಶೈಲಾಗೆ ಆಶೀರ್ವಾದ. ಅವಳು ಸೆರಗು ಹಿಡಿದದ್ದು ನನಗೂ ನೆನಪಿದೆ.

ಇಂತಿ,
ದುರ್ಗಾದೇವಿ ಪಾಲಾಕ್ಷಪ್ಪ

•

ಕೊಟ್ಟೂರು
17 ಡಿಸೆಂಬರ್ 1996

ದುರ್ಗಿ,

ಗಂಗಾಧರನ ಹೆಸರು ಓದಿದಾಗ ಕಾಗದ ಕೈಯಿಂದ ಜಾರಿತು ಎಂದು ಬರೆದರೆ ನಾಟಕದ ಮಾತು ಅನ್ನುತ್ತೀಯ. ಜಾರಲಿಲ್ಲ. ಹಿಡಿದುಕೊಂಡು ಕೂತೇ ಇದ್ದೆ, ಒಲೆಯ ಮೇಲಿನ ಅನ್ನ ಸೀದು ಹೋಯಿತು. ಅವನ ಹೆಂಡತಿಯ ಬಾಣಂತನ ನಮ್ಮ ಬಿಡಾರದಲ್ಲೇ ಆಯಿತು. ಆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ನಾನು. ಅವನು ನನ್ನ ಮುಖಕ್ಕೆ ಕಪ್ಪೆಯ ಮೈ ಅಂಟಿಸಿದ ಎಂದರೆ ಈಗಲೂ ನಂಬಿಕೆ ಬರುವುದಿಲ್ಲ.

ಎರಡನೆಯ ಹ್ಯಾಂಡ್‌ಬಿಲ್ಲೂ ಬಂತು. ಇದು ಗುಲಾಬಿ ಬಣ್ಣದ್ದು. ವೈದ್ಯನೊಬ್ಬ ಏಣಿ ಹಾಕಿಕೊಂಡು ನನ್ನ ಗಂಟಲೊಳಗೆ ಇಳಿಯುತ್ತಿದ್ದಾನೆ, ಕೈಯಲ್ಲಿ ಲಾಟೀನು. 'ಕಳೆದುಹೋದ ಶ್ರುತಿ ಹುಡುಕಲಾಗುತ್ತಿದೆ.' ಯಾರೋ ತಂದು ನಮ್ಮ ಥೇಟರಿನ ತಗಡಿಗೇ ಅಂಟಿಸಿದ್ದರು. ಚೌಡಣ್ಣ ಕೀಳಲು ಹೋದ, ಬೇಡ ಎಂದೆ. ಕಿತ್ತರೆ ನಮಗೆ ತಾಗಿತು ಎಂದು ತಿಳಿಯುತ್ತಾರೆ.

ಚೌಡಣ್ಣನ ದಿಂಬು ಬಿಚ್ಚಿಸಿದ್ದೇನೆ. ನಿನ್ನ ಬ್ಲಾಕಿಗೆ ಹೆದರಿ ಬಿಚ್ಚಿಸಿದೆ ಎಂದುಕೊಳ್ಳಬೇಡ. ನೀನು ಊಟ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ.

ನಿನ್ನ ಗಂಡನಿಗೆ ಒಂದು ಮಾತು ಹೇಳು. ಅವನ ಚಿತ್ರದಿಂದ ನಮ್ಮ ಗೇಟಿನ ದುಡ್ಡು ಬಿದ್ದಿಲ್ಲ, ಏರಿದೆ. 'ಹೊಳೆ ದಾಟಿದ ಸೊಸೆ' ದಿನಾ ತುಂಬುತ್ತಿದೆ. ಎರಡನೆಯ ಅಂಕದಲ್ಲಿ ಸೊಸೆ ಕೂಸನ್ನು ಎತ್ತಿಕೊಂಡು ಹೊಳೆಯ ದಂಡೆಯಲ್ಲಿ ನಿಂತು ಹಾಡುತ್ತಾಳಲ್ಲ, ಆ ಹಾಡಿಗೆ ಮೊದಲೆಲ್ಲ ಜನ ಉಸಿರು ಬಿಗಿಹಿಡಿದು ಕೂಡುತ್ತಿದ್ದರು, ಮುಗಿದರೆ ಒನ್ಸ್‌ಮೋರ್ ಎನ್ನುತ್ತಿದ್ದರು. ಈಗ ಹಾಗೆ ಕೂಡುವುದಿಲ್ಲ. ಆ ಮಾತು ಬೇಡ. ಟಿಕೆಟ್ ತೆಗೆದು ಬರುತ್ತಾರೆ, ನನಗೆ ಅಷ್ಟು ಸಾಕು.

ಕನಕಮ್ಮ

•

ಹಗರಿಬೊಮ್ಮನಹಳ್ಳಿ
10 ಜನವರಿ 1997

ಅಕ್ಕ,

ಹಳೆಯ ಹಾಗೆ ಕರೆದೆ ಎಂದು ಸಿಟ್ಟಾಗಬೇಡ. ಇದು ಜಗಳದ ಕಾಗದವಲ್ಲ. ಪೂರ್ತಿ ಓದು.

ನೀನು ದಿಂಬು ಬಿಚ್ಚಿಸಿದ್ದೇನೆ ಎಂದು ಬರೆದ ಮೇಲೆ ನಾನೂ ಮಾತು ಉಳಿಸಿಕೊಳ್ಳಬೇಕಲ್ಲ. ಮೂರನೆಯ ಚಿತ್ರ ತಯಾರಾಗುತ್ತಿತ್ತು, ನಿಲ್ಲಿಸೋಣ ಎಂದು ಗಂಗಾಧರ ಕೂತು ಬರೆಯುವ ಚಪ್ಪರಕ್ಕೆ ಹೋದೆ. ಮತ್ತೆ ಅದೇ ಗಂಟಲು ಬರೆಯುತ್ತಿದ್ದ. ಈ ಸಲ ಅದರೊಳಗೆ ಮದುವೆ ದಿಬ್ಬಣ ಹೋಗುತ್ತಿತ್ತು.

"ಬರೇ ಕುತ್ತಿಗಿ ಯಾಕ ಹಿಡಿದು ಕುಂತೀಯೋ? ಬ್ಯಾರೆ ಏನೂ ಸಿಗಲಿಲ್ಲೇನು?" ಎಂದೆ.

"ಇಲ್ಲದ್ದು ನಾ ಬರಿಯಂಗಿಲ್ರಿ ಅಕ್ಕಾರ. ಇದ್ದದ್ದನ್ನ ಹಿಡಿದು ಎಳಿತೀನಿ, ಅಷ್ಟ. ಮೂಗಿದ್ರ ಮೂಗು, ಹೊಟ್ಟಿ ಇದ್ರ ಹೊಟ್ಟಿ. ಇಲ್ಲದ್ದು ಎಳದ್ರ ಜನಕ್ಕ ಗುರ್ತು ಹತ್ತಂಗಿಲ್ಲ."

"ಆಕಿ ಕುತ್ತಿಗ್ಯಾಗ ಏನೈತಿ ಎಳಿಯಾಕ?"

ಅವನು ಕಡತದ ಅಡಿಯಿಂದ ಒಂದು ಹಾಳೆ ಎಳೆದುಕೊಟ್ಟ. ಕೊಟ್ಟೂರಿನಲ್ಲಿ ನಿಮ್ಮ ಆಟಕ್ಕೆ ಬಂದು, ಮುಂದಿನ ಸಾಲಿನಲ್ಲಿ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡದ್ದಂತೆ. ಅದರಲ್ಲಿ ಕಪ್ಪೆಯಿಲ್ಲ. ನೀನು ಹೇಗಿದ್ದೀಯೋ ಹಾಗೇ ಇದ್ದೆ, ನನಗೆ ನೋಡಿದೊಡನೆ ಕಣ್ಣು ತುಂಬಿತು. ಆಮೇಲೆ ಕುತ್ತಿಗೆ ನೋಡಿದೆ. ಗುಂಡಿನ ಸರದ ಅಂಚಿನಲ್ಲಿ, ಬಲಗಡೆಗೆ, ನಿಂಬೆಹಣ್ಣಿನಷ್ಟು ದಪ್ಪದ ಗಂಟು.

"ಹಾಡುವಾಗ ಬಿಗಿತತಿ, ಉಗುಳು ನುಂಗಿದ್ರ ಮ್ಯಾಲ ಹೋಗಿ ಕೆಳಗ ಬರ್ತತಿ. ನನಗ ನಗಿ ಬಂತ್ರಿ, ಅದಕ್ಕ ಕಪ್ಪಿ ಮಾಡಿದೆ" ಎಂದ. ಅವನಿಗೆ ಅದು ಏನೆಂದು ಹೊಳೆದೇ ಇಲ್ಲ. ಪರದೆ ಬರೆಯುವವನಿಗೆ ಮರ, ಗುಡ್ಡ, ಗಂಟು ಎಲ್ಲ ಒಂದೇ.

ಅಕ್ಕ, ಆ ಕುತ್ತಿಗೆಗೆ ಬಣ್ಣ ಹಚ್ಚಿದ ಕೈ ಇದು. ಎಷ್ಟು ವರ್ಷ ನಾನೇ ಸಫೇದಾ ಕಲಸಿ, ಗದ್ದದ ಕೆಳಗಿಂದ ಎದೆಯ ತನಕ ಬಳಿದಿದ್ದೇನೆ. ಅಲ್ಲಿ ಏನೂ ಇರಲಿಲ್ಲ. ನೀನು ಗುಂಡಿನ ಸರವನ್ನು ಅಷ್ಟು ಮೇಲಕ್ಕೆ ಎಂದೂ ಕಟ್ಟಿಕೊಂಡವಳಲ್ಲ, ಕೊರಳು ಬಿಗಿದರೆ ಸ್ವರ ಏಳುವುದಿಲ್ಲ ಎಂದು ನನಗೇ ಬೈಯುತ್ತಿದ್ದೆ. ಅಂದರೆ ನಿನಗೆ ಗೊತ್ತು. ಗೊತ್ತಿದ್ದು ಮುಚ್ಚಿಕೊಂಡಿದ್ದೀಯ.

ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕೆ ಎಂದು ನಿನಗೆ ಬರೆದಿದ್ದೆನಲ್ಲ. ಈಗ ಊಟ ಸೇರುತ್ತಿಲ್ಲ.

ದಾವಣಗೆರೆಗೆ ಹೋಗು. ಈ ವಾರವೇ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸು. ಕ್ಯಾಂಪು ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ,
ದುರ್ಗಿ

•

ಕೂಡ್ಲಿಗಿ ಕ್ಯಾಂಪ್
25 ಜನವರಿ 1997

ದುರ್ಗಿ,

ನಿನ್ನ ಕಾಗದ ಕೊಟ್ಟೂರಿಗೆ ಹೋಗಿ, ನಾವು ಇಲ್ಲಿಗೆ ಬಂದ ಮೇಲೆ ಬಂತು. ಚೆನ್ನಾಗಿ ಬರೆದಿದ್ದೀಯ. ಅಳುವ ಪಾರ್ಟು ನಿನಗೆ ಮೊದಲಿನಿಂದಲೂ ಒಗ್ಗುತ್ತಿತ್ತು.

ನಾವಿಬ್ಬರೂ ಒಂದೇ ಕಂಪನಿಯಲ್ಲಿದ್ದಾಗ ಎದುರು ಕಂಪನಿಯ ಆಟ ಕೆಡಿಸಲು ಏನು ಮಾಡುತ್ತಿದ್ದರು, ನೆನಪು ಮಾಡಿಕೋ. ಸಂಜೆಯ ಹೊತ್ತಿಗೆ ಸಂತೆಯಲ್ಲಿ ಇಬ್ಬರನ್ನು ಬಿಡುತ್ತಿದ್ದರು. "ಅವರ ಹೀರೋಯಿನ್ನಿಗೆ ಆರಾಮಿಲ್ಲಂತ, ಇವತ್ತು ಆಟ ಇಲ್ಲಂತ." ಅಷ್ಟು ಸಾಕಾಗುತ್ತಿತ್ತು, ಅವರ ಗೇಟಿನಲ್ಲಿ ನಾಯಿಯೂ ಇರುತ್ತಿರಲಿಲ್ಲ. ಆ ಕೆಲಸ ನಿನ್ನ ಗಂಡನಷ್ಟು ಚೆಂದ ಮಾಡಿದವರು ಇನ್ನೊಬ್ಬರಿಲ್ಲ. ಕೋಗಳಿಯಲ್ಲಿ ಒಬ್ಬ ಹೀರೋಯಿನ್ ಸತ್ತೇ ಹೋದಳು ಎಂದು ಕಣ್ಣೀರು ಹಾಕಿಕೊಂಡು ಹೇಳುತ್ತಾ ಬಂದ, ಆಕೆ ಪಕ್ಕದ ಅಂಗಡಿಯಲ್ಲೇ ಎಲೆ ಅಡಿಕೆ ಕೊಳ್ಳುತ್ತಾ ನಿಂತಿದ್ದಳು. ಅದನ್ನು ನೆನೆದು ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗಿ ಎಷ್ಟು ನಕ್ಕಿದ್ದೇವೆ.

ಚಿತ್ರದಿಂದ ನಮ್ಮ ಆಟ ನಿಲ್ಲಲಿಲ್ಲ. ಅದಕ್ಕೆ ಈಗ ಆಸ್ಪತ್ರೆ ತಂದಿದ್ದೀರಿ. ಈ ಸಲ ಸಂತೆಯಲ್ಲಿ ಹೇಳುವ ಬದಲು ನೇರವಾಗಿ ನನಗೇ ಹೇಳಿಸಿದ್ದಾನೆ, ಹೇಳಲು ನಿನ್ನನ್ನು ಕೂರಿಸಿದ್ದಾನೆ. ಸೀಸನ್ನಿನ ನಡುವೆ ನಾನು ದಾವಣಗೆರೆಗೆ ಹೋದರೆ ಕೂಡ್ಲಿಗಿಯ ಜಾಗಕ್ಕೆ ಯಾರು ಬರುತ್ತಾರೆ ಎಂಬುದು ನನಗೆ ಗೊತ್ತಾಗದೆ ಇರುತ್ತದೆಯೇ?

ಗಂಟಲಿಗೆ ಸಣ್ಣ ಬಾವು ಬಂದಿದೆ. ಹಾಡುವವರಿಗೆ ಬರುತ್ತದೆ, ಹೋಗುತ್ತದೆ. ಅರಿಶಿನ ಸುಣ್ಣ ಹಚ್ಚುತ್ತಿದ್ದೇನೆ. ಡಾಕ್ಟರ ಹತ್ತಿರ ಹೋದರೆ ಕುಯ್ಯಬೇಕು ಎನ್ನುತ್ತಾರೆ. ಇಡೀ ಬಿಡಾರ ಈ ಗಂಟಲಿನ ಮೇಲೆ ಊಟ ಮಾಡುತ್ತಿದೆ, ಅದನ್ನು ಕುಯ್ಯಲು ಕೊಟ್ಟು ಬರಲೇ?

ನಾಳೆಯಿಂದ ಒಂದು ಹಾಡು ಹೆಚ್ಚಿಗೆ ಹಾಡುತ್ತೇನೆ. ಬಂದು ಕೇಳುವಂತೆ ನಿನ್ನ ಗಂಡನಿಗೆ ಹೇಳು.

ಕನಕಮ್ಮ

•

ಹರಪನಹಳ್ಳಿ ಕ್ಯಾಂಪ್
19 ಫೆಬ್ರವರಿ 1997

ಅಕ್ಕ,

ಕೂಡ್ಲಿಗಿಯಲ್ಲಿ ನಮ್ಮ ಮೈಕಿನ ಆಟೋ ಸುತ್ತಾಡಿದ ಸುದ್ದಿ ನನಗೆ ನಿನ್ನೆ ತಿಳಿಯಿತು. ನಮ್ಮ ಬಿಡಾರದಲ್ಲೇ ನಗುತ್ತಾ ಮಾತಾಡಿಕೊಳ್ಳುತ್ತಿದ್ದರು, ನಾನು ಬಂದದ್ದು ನೋಡಿ ಸುಮ್ಮನಾದರು. ಕನಕಮ್ಮನ ಗಂಟಲಿಗೆ ಗಡ್ಡೆ ಆಗಿದೆ, ದನಿ ಬಿದ್ದಿದೆ, ಟಿಕೆಟ್ ತೆಗೆದವರು ವಾಪಸ್ ಮಾಡಿಕೊಳ್ಳಿ ಎಂದು ಮೈಕಿನಲ್ಲಿ ಊರೆಲ್ಲ ಕೂಗಿಸಿದ್ದಾರೆ.

ಇದಕ್ಕೆ ನಾನೇ ಕಾರಣ. ಆ ಪೆನ್ಸಿಲ್ ಚಿತ್ರ ನೋಡಿ ಬಂದ ದಿನ ಗಾಬರಿಯಲ್ಲಿ ಗಂಡನ ಮುಂದೆ ಹೇಳಿಕೊಂಡೆ. ಹೇಳಿಕೊಳ್ಳಲು ಬೇರೆ ಯಾರಿದ್ದಾರೆ ನನಗೆ? ನಿನ್ನೆ ಹೋಗಿ ಕೇಳಿದೆ. ಅವರು ಉಣ್ಣುತ್ತಿದ್ದರು. ತಲೆ ಎತ್ತದೆ ಹೇಳಿದರು, "ಈ ಸಲ ನಾ ಸುಳ್ಳು ಹೇಳಿಸಿಲ್ಲ. ಖರೇನ ಐತಿ ಅಂತ ನೀನ ಹೇಳಿದೆಲ್ಲ."

ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು. "ನಮ್ಮ ಕಂಪನಿ ಮುಳುಗಾಕ ಹತ್ತೈತಿ, ನಿನಗ ಆಕಿ ಕುತ್ತಿಗಿ ಚಿಂತಿ" ಎಂದು ಕೈ ತೊಳೆಯಲು ಎದ್ದರು. ಕೆಟ್ಟ ಮನುಷ್ಯರಲ್ಲ ಅಕ್ಕ, ಅದೇ ನನಗೆ ತಿಳಿಯದಾಗಿದೆ. ಯಾರಿಗಾದರೂ ಜ್ವರ ಬಂದರೆ ಹಣೆಗೆ ತಣ್ಣೀರು ಪಟ್ಟಿ ಹಾಕಿ ಕೂಡುತ್ತಾರೆ. ನಿನ್ನ ಗಂಟಲು ಮಾತ್ರ ಅವರಿಗೆ ಮನುಷ್ಯರ ಗಂಟಲು ಎಂದು ಅನ್ನಿಸಿಲ್ಲ, ಎದುರು ಕಂಪನಿಯದು ಅನ್ನಿಸಿದೆ. ನವೆಂಬರಿನಲ್ಲಿ ನನಗೂ ಹಾಗೇ ಅನ್ನಿಸಿತ್ತು.

ನಾನು ಎರಡು ದಿನದಿಂದ ಬಣ್ಣ ಹಚ್ಚಿಲ್ಲ. ಇನ್ನು ನೀನು ನನ್ನ ಮಾತು ನಂಬುವುದಿಲ್ಲ, ಗೊತ್ತಿದೆ. ನಂಬಬೇಡ. ನನ್ನನ್ನು ಬೈಯುತ್ತಲೇ ದಾವಣಗೆರೆಗೆ ಹೋಗು. ಒಂದು ಕಾರ್ಡು ಹಾಕಿದರೆ ಇಲ್ಲಿಂದ ಬಸ್ಸು ಹತ್ತಿ ನಾನೇ ಬರುತ್ತೇನೆ, ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತೇನೆ, ಒಳಗೆ ಬರುವುದಿಲ್ಲ.

ದುರ್ಗಿ

•

ಹರಪನಹಳ್ಳಿ
22 ಮಾರ್ಚ್ 1997

ಅಕ್ಕ,

ಉತ್ತರವಿಲ್ಲ. ಬೈದಾದರೂ ಒಂದು ಗೆರೆ ಬರೆ. ನೀವು ಹಡಗಲಿಗೆ ಹೋಗಿದ್ದೀರಿ ಎಂದು ಕೇಳಿದೆ. ಈಗಲೂ ಹಾಡುತ್ತಿದ್ದೀಯಾ?

ದುರ್ಗಿ

•

ದಾವಣಗೆರೆ
23 ಏಪ್ರಿಲ್ 1997

ದುರ್ಗಿ ಚಿಗವ್ವನಿಗೆ ಶೈಲಾ ಮಾಡುವ ನಮಸ್ಕಾರಗಳು.

ಅವ್ವನಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದೆ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನು ಮೊದಲು ಬರೆದುಬಿಟ್ಟರೆ ಉಳಿದದ್ದು ಬರೆಯಲು ಸುಲಭ ಎಂದುಕೊಂಡಿದ್ದೆ, ಸುಲಭವಾಗುತ್ತಿಲ್ಲ.

ಹಡಗಲಿ ಕ್ಯಾಂಪಿನಲ್ಲಿ, ಈ ತಿಂಗಳ ಮೊದಲ ವಾರ, ಹೊಳೆದಂಡೆಯ ಹಾಡು ಹಾಡುವಾಗ ಅವ್ವನಿಗೆ ಉಸಿರು ಕಟ್ಟಿತು. ಹಾಡು ಮುಗಿಸಿಯೇ ಒಳಗೆ ಬಂದಳು. ಬಂದವಳು ಪರದೆಯ ಹಿಂದೆ ಬಿದ್ದಳು. ಮೈಯೆಲ್ಲ ನೀಲಿಗಟ್ಟಿತ್ತು. ಚೌಡಣ್ಣ ಸೀರೆ ಉಟ್ಟ ವೇಷದಲ್ಲೇ ಟೆಂಪೋ ಹಿಡಿದು ನಮ್ಮನ್ನು ಇಲ್ಲಿಗೆ ತಂದ.

ಗಡ್ಡೆ ಬೆಳೆದು ಉಸಿರಿನ ನಳಿಗೆಯನ್ನು ಒತ್ತಿತ್ತಂತೆ. ದನಿಯ ನರ ಅದರೊಳಗೇ ಸಿಕ್ಕಿಕೊಂಡಿತ್ತು, ಬಿಡಿಸಲು ಆಗಲಿಲ್ಲ, ಗಡ್ಡೆಯ ಜೊತೆಗೇ ತೆಗೆದರು. ಎರಡು ಮೂರು ತಿಂಗಳು ಮೊದಲು ಬಂದಿದ್ದರೆ ನರ ಉಳಿಸಬಹುದಿತ್ತು ಎಂದರು. ಡಾಕ್ಟರು ಬಹಳ ಸಮಾಧಾನದಿಂದ ಹೇಳಿದರು. ನನಗೆ ಮಾತ್ರ ಕಿವಿ ಮುಚ್ಚಿದ ಹಾಗಾಯಿತು, ಅವರ ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

ನೀವು ಜನವರಿಯಲ್ಲೇ ಎಚ್ಚರಿಸಿದ್ದಿರಂತೆ. ಅವ್ವ ಮೊನ್ನೆ ಕೈಸನ್ನೆ ಮಾಡಿ ತಿಳಿಸಿದಳು. ನನಗೆ ಗೊತ್ತಿರಲಿಲ್ಲ ಚಿಗವ್ವ. ಕೂಡ್ಲಿಗಿಯಲ್ಲಿ ನಿಮ್ಮ ಆಟೋ ಕೂಗಿಕೊಂಡು ಹೋದ ದಿನ ನಾನು ಗೇಟಿನಲ್ಲಿ ಸ್ಟೂಲಿನ ಮೇಲೆ ನಿಂತು, "ನಮ್ಮವ್ವಗ ಏನೂ ಆಗಿಲ್ಲ, ಸುಳ್ಳು ಹೇಳ್ತಾರ, ಒಳಗ ಬರ್ರಿ" ಎಂದು ಅವರ ಮೈಕಿಗಿಂತ ಜೋರಾಗಿ ಕೂಗಿದೆ. ಅವ್ವ ಅದನ್ನು ಕೇಳಿಸಿಕೊಂಡು ಅವತ್ತು ಇನ್ನೂ ಎತ್ತರಿಸಿ ಹಾಡಿದಳು.

ಈಗ ಒಂದು ಕೇಳುವುದಿದೆ. ಹಡಗಲಿಯ ಹೂವಿನ ವ್ಯಾಪಾರಿಗಳು ಮೊದಲೇ ಮಾತಾಡಿಕೊಂಡ ಎರಡು ಆಟ ಉಳಿದಿವೆ. ಆಡಿಕೊಡದಿದ್ದರೆ ನಮ್ಮ ಪರದೆ, ಪೆಟ್ಟಿಗೆ ಹೊರಗೆ ಬಿಡುವುದಿಲ್ಲ ಎನ್ನುತ್ತಾರೆ. ಆ ಪಾರ್ಟು ನಿಮಗೆ ಬಾಯಿಪಾಠ. ಬಂದು ಆಡಿಕೊಡುತ್ತೀರಾ? ಅವ್ವ ಕೇಳು ಎಂದಿಲ್ಲ. ಬೇಡ ಎಂದೂ ಹೇಳಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದಳು.

ನಿಮ್ಮ ಮಗಳು,
ಶೈಲಾ

•

ಹೂವಿನಹಡಗಲಿ
6 ಮೇ 1997

ಅಕ್ಕ,

ಶೈಲಾ ನಿನಗೆ ಓದಿ ಹೇಳುವ ಮೊದಲು ನೀನೇ ಓದಿಕೊ. ಇದು ಅವಳ ಬಾಯಲ್ಲಿ ಬರಬಾರದ ಸಂಗತಿ.

ನಾನು ಬಂದೆ. "ಹೋದ್ರ ಹೊಳ್ಳಿ ಬರಬ್ಯಾಡ" ಎಂದರು ನಮ್ಮ ಮನೆಯವರು, ಬಂದೆ. ನಿನ್ನ ಜನ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಚೌಡಣ್ಣ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ, ದಿಂಬಿನ ನೆನಪು ಎಂದುಕೊಂಡೆ.

ನಿನ್ನೆ ಮೊದಲ ಆಟ. ಹೊಳಲಿನ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದಿದ್ದರು. ಹೆಂಗಸರ ತಲೆ ತುಂಬಾ ಮಲ್ಲಿಗೆ, ಥೇಟರೆಲ್ಲ ಘಮಘಮ. ಮೊದಲ ಅಂಕ ಚೆನ್ನಾಗಿ ಹೋಯಿತು, ಅತ್ತೆ ಸೊಸೆಯನ್ನು ಹೊರಗೆ ಹಾಕುವಾಗ ಜನ ಕಣ್ಣೊರೆಸಿಕೊಂಡರು. ಎರಡನೆಯ ಅಂಕ. ಬಟ್ಟೆಯ ಕೂಸನ್ನು ಎತ್ತಿಕೊಂಡು ಹೊಳೆಯ ದಂಡೆಗೆ ಬಂದೆ. ಹಾರ್ಮೋನಿಯಂ ಸ್ವರ ಕೊಟ್ಟಿತು. ಒಂದು ಸಾಲು ಹಾಡಿದೆ.

ಹಿಂದಿನಿಂದ ಯಾರೋ ಕಪ್ಪೆಯ ಹಾಗೆ ವಟರ್ ಎಂದರು.

ಕುಡಿದವನಿರಬೇಕು ಎಂದು ಎರಡನೆಯ ಸಾಲು ಎತ್ತಿದೆ. ಈ ಸಲ ಬಲಗಡೆಯಿಂದ, ಆಮೇಲೆ ಎಡಗಡೆಯಿಂದ, ಆಮೇಲೆ ಇಡೀ ಥೇಟರು. ತಾಳಕ್ಕೆ ಸರಿಯಾಗಿ, ಪ್ರತಿ ಸಾಲಿನ ಕೊನೆಗೆ, ವಟರ್ ವಟರ್. ಸಿಟ್ಟಿನಿಂದಲ್ಲ ಅಕ್ಕ. ಖುಷಿಯಿಂದ. ಈಗಷ್ಟೇ ಕಣ್ಣೊರೆಸಿಕೊಂಡ ಹೆಂಗಸರು ತೊಡೆಯ ಮೇಲಿನ ಮಕ್ಕಳಿಗೆ ಹೇಳಿಕೊಟ್ಟು ಕೂಗಿಸುತ್ತಿದ್ದರು. ಹಾಡುವವಳು ನೀನೋ ನಾನೋ ಎಂಬುದೂ ಅವರಿಗೆ ಬೇಕಿರಲಿಲ್ಲ. ಆ ಹಾಡಿಗೆ ಹಾಗೆ ಕೂಗಬೇಕು ಎಂದು ಅವರು ಕಲಿತಿದ್ದಾರೆ. ಕಲಿಸಿದ ಕಾಗದ ನಮ್ಮದು. ನಿಮ್ಮ ಮಾಸ್ತರು ತಲೆ ಎತ್ತದೆ ಬಾರಿಸುತ್ತಲೇ ಇದ್ದರು, ಕೇಳಿ ಕೇಳಿ ರೂಢಿಯಾದವರಂತೆ.

ಪರದೆ ಬಿಡು ಎಂದು ಕೈ ಮಾಡಿದೆ. ಹಾಡಿನ ನಡುವೆಯೇ ಪರದೆ ಬಿತ್ತು. ಒಳಗೆ ಹೋಗಿ ಚೌಡಣ್ಣನ ತೋಳು ಹಿಡಿದು ಕೇಳಿದೆ, ಇದು ಯಾವಾಗಿನಿಂದ ಎಂದು.

"ಕೊಟ್ಟೂರಿಂದ ಐತ್ರಿ. ನಿಮ್ಮ ಹ್ಯಾಂಡ್‌ಬಿಲ್ ಬಂದ ವಾರದಿಂದ. ಕೂಡ್ಲಿಗ್ಯಾಗೂ ಇತ್ತು, ಇಲ್ಲೂ ಐತಿ. ಅಕ್ಕಾರು ಒಂದಿನಾನೂ ಹಾಡು ನಿಲ್ಲಿಸಿಲ್ಲ. ಜನ ಕೂಗಿದಂಗ ದನಿ ಏರಿಸೋರು. ಇವರು ಏರಿಸಿದ್ರ ಅವರೂ ಏರಿಸೋರು. ನಾವೆಲ್ಲಾ ಹಾಡ ತಗದು ಹಾಕ್ರಿ ಅಂದ್ವಿ, ಕೇಳಲಿಲ್ಲ."

ಐದು ತಿಂಗಳು. ಆ ಗಂಟು ಇಟ್ಟುಕೊಂಡು, ಆ ಕೂಗಿನ ಮೇಲೆ ದನಿ ಏರಿಸಿ ಏರಿಸಿ ಹಾಡಿದ್ದೀಯ. ಇಷ್ಟು ಕಾಗದ ಬರೆದೆ, ನನ್ನನ್ನು ಬೈದೆ, ನನ್ನ ಗಂಡನನ್ನು ಬೈದೆ, ಇದನ್ನು ಒಂದು ಸಾಲೂ ಬರೆಯಲಿಲ್ಲ. 'ಈಗ ಹಾಗೆ ಕೂಡುವುದಿಲ್ಲ, ಆ ಮಾತು ಬೇಡ' ಎಂದಿದ್ದೆ. ಆ ಮಾತಿನ ಅರ್ಥ ಇದು ಎಂದು ನನಗೆ ಹೇಗೆ ತಿಳಿಯಬೇಕು?

ನನಗೆ ಎರಡು ಸಾಲಿಗೇ ಉಸಿರು ನಿಂತಿತು. ನೀನು ಹೇಗೆ ಹಾಡಿದೆ, ಅಕ್ಕ?

ಹುಣ್ಣಿಮೆಗೆ ಇನ್ನೊಂದು ಆಟವಿದೆ. ನನ್ನಿಂದ ಆಗುವುದಿಲ್ಲ. ವ್ಯಾಪಾರಿಗಳ ಕೈಕಾಲು ಹಿಡಿದು ಪೆಟ್ಟಿಗೆ ಬಿಡಿಸಿಕೊಡುತ್ತೇನೆ.

ದುರ್ಗಿ

•

ದಾವಣಗೆರೆ
14 ಮೇ 1997

ದುರ್ಗಿ,

ಮಾತಾಡಲು ಪ್ರಯತ್ನ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಬರೆಯಬೇಡಿ ಎಂದು ಹೇಳಲು ಮರೆತಿದ್ದಾರೆ.

ಹೇಗೆ ಹಾಡಿದೆ ಎಂದು ಕೇಳಿದ್ದೀಯ. ಮೊದಲ ದಿನ ಕಾಲ ಕೆಳಗಿನ ಹಲಗೆಯೇ ಇಲ್ಲವಾದ ಹಾಗಾಯಿತು. ನನ್ನ ಜನ, ಒನ್ಸ್‌ಮೋರ್ ಎಂದು ಕೂಗುತ್ತಿದ್ದ ಅದೇ ಬಾಯಿಗಳು. ಒಳಗೆ ಓಡಿಹೋಗಬೇಕು ಅನ್ನಿಸಿತು. ಆದರೆ ಕೈಯಲ್ಲಿ ಕೂಸಿತ್ತಲ್ಲ. ಬಟ್ಟೆಯದೇ ಇರಲಿ, ಹಾಡು ಮುಗಿಯದೆ ಅದು ಹೊಳೆ ದಾಟುವುದಿಲ್ಲ. ಮುಗಿಸಿದೆ. ಮರುದಿನ ಮತ್ತೆ ಮುಗಿಸಿದೆ. ಕಾಗದದಲ್ಲಿ ಬರೆದಿದ್ದರೆ ನೀನು ಅಯ್ಯೋ ಎನ್ನುತ್ತಿದ್ದೆ. ನಿನ್ನ ಕೈಯಲ್ಲಿ ಅಯ್ಯೋ ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಕಟ್ಟು ಬಿಚ್ಚಿದ ದಿನ ನರ್ಸಮ್ಮ, "ನಿಮ್ಮ ಹೆಸರು ಹೇಳ್ರಿ ನೋಡೋಣ" ಎಂದಳು. ಹೇಳಿದೆ. ಒಂದು ಶಬ್ದ ಬಂತು. ಥೇಟರಿನಲ್ಲಿ ಜನ ಕೂಗುತ್ತಿದ್ದದ್ದು ಅದೇ ಶಬ್ದ. ಶೈಲಾ ಕಿಟಕಿಯ ಕಡೆ ತಿರುಗಿಕೊಂಡಳು. ಪಾಪ, ನರ್ಸಮ್ಮನಿಗೆ ಏನು ಗೊತ್ತು, ಚೆನ್ನಾಗಿ ಬರುತ್ತಿದೆ ಎಂದಳು.

ಗಂಗಾಧರ ಆ ಚಿತ್ರ ಬರೆಯದಿದ್ದರೆ ನನ್ನ ಕುತ್ತಿಗೆಯನ್ನು ನೀನು ನೋಡುತ್ತಲೇ ಇರಲಿಲ್ಲ. ಬರೆದದ್ದಕ್ಕೇ ನಿನ್ನ ಮಾತನ್ನು ನಾನು ನಂಬಲಿಲ್ಲ. ಇಲ್ಲಿ ಮಲಗಿಕೊಂಡು ಇದನ್ನು ತಿರುವಿ ಹಾಕುತ್ತಿರುತ್ತೇನೆ. ಯಾರನ್ನು ಬೈಯಬೇಕೋ ತಿಳಿಯದೆ ಒಮ್ಮೊಮ್ಮೆ ನನ್ನನ್ನೇ ಬೈದುಕೊಳ್ಳುತ್ತೇನೆ, ಸದ್ದಿಲ್ಲದೆ.

ಅದೆಲ್ಲ ಇರಲಿ. ನೀನು ಹಾಡಿನ ನಡುವೆ ಪರದೆ ಬಿಡಿಸಿದ್ದು ಓದಿ ನಾನು ಎದ್ದು ಕೂತೆ. ಇಷ್ಟು ತಿಂಗಳಲ್ಲಿ ನಾನು ನೋಡಿದ ಯಾವ ಕಾಗದವೂ ನನ್ನನ್ನು ಹಾಗೆ ಬೆಚ್ಚಿಬೀಳಿಸಿರಲಿಲ್ಲ. ನಮ್ಮ ಕಂಪನಿಯ ಪರದೆ ಹಾಡಿನ ನಡುವೆ ಎಂದೂ ಬಿದ್ದಿಲ್ಲ, ದುರ್ಗಿ. ನಿನಗೆ ಹಾಡಲು ಕಲಿಸಿದವಳು ನಾನು, ಅರ್ಧಕ್ಕೆ ಬಿಟ್ಟು ಒಳಗೆ ಹೋಗುವುದನ್ನು ನಾನು ಕಲಿಸಿಲ್ಲ. ಕಪ್ಪೆ ಬರೆಸಿದ್ದನ್ನು ಎಂದಾದರೂ ಮರೆತೇನು. ಇದನ್ನು ಮರೆಯುವುದಿಲ್ಲ.

ಹುಣ್ಣಿಮೆಯ ಆಟ ಬಿಡಬೇಡ. ಅದೇ ಹಾಡು, ಅದೇ ಜನ. ಕೂಗುತ್ತಾರೆ, ಕೂಗಲಿ. ಮೂರನೆಯ ಸಾಲಿನಲ್ಲಿ ಉಸಿರು ತೆಗೆದುಕೊಂಡರೆ ಕೊನೆಯ ತನಕ ಸಾಲುತ್ತದೆ. ಪೂರ್ತಿ ಹಾಡಿ, ಆಟ ಮುಗಿಸಿ, ಮರುದಿನದ ಮೊದಲ ಬಸ್ಸಿಗೆ ಇಲ್ಲಿಗೆ ಬಾ. ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಬಾ. ಇಷ್ಟು ವರ್ಷದ ಮಾತು ಬಾಕಿ ಉಳಿದಿದೆ.

ಅದನ್ನು ಆಡುವವಳು ಮಾತ್ರ ನೀನೊಬ್ಬಳೇ.

ನಿನ್ನ ಅಕ್ಕ,
ಕನಕಮ್ಮ